ಸಾಕಮ್ಮ ಇಡದೆ ಬಿಟ್ಟ ಚುಕ್ಕಿ

ಒಂದಾನೊಂದು ಕಾಲದಲ್ಲಿ, ಅಂದ್ರೆ ಯಾವ ಕಾಲ ಅಂತ ನನ್ನ ಕೇಳಬೇಡ ಪುಟ್ಟೀ, ನನಗೆ ಹೇಳಿದ ನಮ್ಮಜ್ಜಿಗೂ ಗೊತ್ತಿರ್ಲಿಲ್ಲ, ಕಾಗದದ ಮೇಲೆ ಮರಳು ಉದುರಿಸಿ ಶಾಯಿ ಒಣಗಿಸ್ತಿದ್ದ ಕಾಲ ಅಂತ ಇಟ್ಕೋ. ಮೊದ್ಲು ಆ ಇಂಗ್ಲೀಷು ಪುಸ್ತಕ ದಿಂಬಿನ ಕೆಳಗಿಂದ ಈಚೆಗೆ ತೆಗಿ. ಟೀಚರ್ ಹಾಕಿರೋ ಕೆಂಪು ಸುತ್ತೆಲ್ಲ ಬೆಳಿಗ್ಗೆ ನೋಡಿದ್ರಾಯ್ತು. ನಂಗೆ ಇಂಗ್ಲೀಷು ಓದಕ್ಕೆ ಬರಲ್ಲ, ಆದ್ರೆ ನೀನು ಎಲ್ಲೆಲ್ಲಿ ಚುಕ್ಕಿ ಇಡದೆ ಓಡಿಹೋಗಿದೀಯ ಅಂತ ನನ್ನ ಕಣ್ಣಿಗೂ ಕಾಣತ್ತೆ. ಹ್ಞೂಂ, ಕಾಲು ಚಾಚ್ಕೋ. ಈ ಕತೇಲಿ ನಗು ಕಮ್ಮಿ, ಮೊದ್ಲೇ ಹೇಳಿರ್ತೀನಿ, ಆಮೇಲೆ ಅಜ್ಜಿ ಅಳಿಸಿದ್ಲು ಅಂತ ನಿಮ್ಮಮ್ಮನ ಹತ್ರ ದೂರು ಹೇಳಬೇಡ.

ಆ ಕಾಲದಲ್ಲಿ ನೀರಬಾಗಿಲು ಅಂತ ಒಂದು ಊರಿತ್ತಂತೆ. ಊರ ಮುಂದೆ ದೊಡ್ಡ ಹೊಳೆ, ಹೊಳೆಯ ಆಚೆ ದಡದಲ್ಲಿ ದೊರೆಯ ಕಚೇರಿ, ಹೊಳೆ ಹೋಗಿ ಸಮುದ್ರ ಸೇರೋ ಕಡೆ ಒಂದು ನಡುಗಡ್ಡೆ, ಅದರ ಮೇಲೆ ಕಲ್ಲಿನ ಜೈಲು. ದೊರೆ ಅಂದ್ರೆ ಬಿಳೀ ದೊರೆ, ಸಮುದ್ರದಾಚೆಯಿಂದ ಬಂದೋನು, ಅವನಿಗೆ ಇಂಗ್ಲೀಷು ಬಿಟ್ಟು ಇನ್ನೊಂದು ಮಾತು ಬರ್ತಿರ್ಲಿಲ್ಲವಂತೆ. ಯಾರಿಗೆ ಏನೇ ಕಷ್ಟ ಬಂದ್ರೂ ಇಂಗ್ಲೀಷಲ್ಲಿ ಅರ್ಜಿ ಬರೆದು ಕೊಡಬೇಕು, ಬಾಯಲ್ಲಿ ಹೇಳ್ಕೊಂಡು ಅತ್ರೆ ಕೇಳೋರಿಲ್ಲ. ಅದರಲ್ಲೂ ಜೈಲಲ್ಲಿ ಇರೋರ ಪರವಾಗಿ ಆದ್ರೆ ಮೂರೇ ಅರ್ಜಿ, ನಾಲ್ಕನೇದು ತಗೊಂಡು ಹೋದ್ರೆ ಬಾಗಿಲಲ್ಲೇ ಹಿಂದಕ್ಕೆ ಕಳಿಸಿಬಿಡ್ತಿದ್ರಂತೆ.

ಆ ಊರಲ್ಲಿ ಮಾದಯ್ಯ ಅಂತ ಒಬ್ಬ ಅಂಬಿಗ ಇದ್ದ, ಅಂಬಿಗ ಅಂದ್ರೆ ದೋಣೀಲಿ ಜನಾನ ಹೊಳೆ ದಾಟಿಸೋನು. ಅವನ ಹೆಂಡತಿ ಗಂಗವ್ವ. ಇಬ್ಬರಿಗೂ ಮೂರು ಹೆಣ್ಣುಮಕ್ಕಳು. ದೊಡ್ಡವಳು ಕೆಂಚಮ್ಮ, ನಡುವಿನವಳು ಪುಟ್ಟವ್ವ, ಮೂರನೇದೂ ಹೆಣ್ಣಾದಾಗ ಇನ್ನು ಹೆಣ್ಣು ಸಾಕು ಅಂತ ಸಾಕಮ್ಮ ಅಂತ ಹೆಸರಿಟ್ರಂತೆ. ಹೆಸರು ಹಾಗಿಟ್ರೂ ಅಪ್ಪನಿಗೆ ಅವಳನ್ನ ಕಂಡ್ರೇ ಜೀವ, ದೋಣಿ ಮೂತೀಲಿ ಯಾವಾಗ್ಲೂ ಅವಳನ್ನ ಕೂರಿಸ್ಕೋತಿದ್ದ. ದೊರೆಯ ಮಕ್ಕಳು ದಿನಾ ಪಾಠಕ್ಕೆ ಅಂತ ಅದೇ ದೋಣೀಲಿ ಹೊಳೆ ದಾಟ್ತಿದ್ರು, ದಾಟೋವಾಗ ಗಟ್ಟಿಯಾಗಿ ಪಾಠ ಒಪ್ಪಿಸ್ತಿದ್ರು, ಅದನ್ನ ಕೇಳಿ ಕೇಳಿ, ಅವರ ಹಲಗೆ ಇಣುಕಿ ನೋಡಿ ನೋಡಿ, ಈ ಮೂರು ಹುಡುಗೀರಿಗೂ ಇಂಗ್ಲೀಷು ಮಾತು, ಇಂಗ್ಲೀಷು ಅಕ್ಷರ ಎರಡೂ ಅಷ್ಟಿಷ್ಟು ಬಂದುಬಿಡ್ತಂತೆ. ಆದ್ರೆ ಅಕ್ಷರದ ಮಧ್ಯೆ ಇರೋ ಗುರುತುಗಳು ಕಿವಿಗೆ ಬೀಳಲ್ಲವಲ್ಲ, ಅವು ಬರ್ಲಿಲ್ಲ.

ಅಂಬಿಗರ ಮನೇಲಿ ಒಂದು ಪದ್ಧತಿ ಇತ್ತಂತೆ, ಇದನ್ನ ಚೆನ್ನಾಗಿ ನೆನಪಿಟ್ಕೋ ಪುಟ್ಟಿ. ಮನೆಯವರು ಯಾರಾದ್ರೂ ನೀರಿನ ಮೇಲಿದ್ರೆ, ಇಲ್ಲಾ ನೀರಾಚೆ ಇದ್ರೆ, ಅವರು ಬರೋವರೆಗೂ ಮನೇಲಿ ಯಾವ ಕೆಲಸಾನೂ ಪೂರ್ತಿ ಮುಗಿಸಬಾರದು. ಚಾಪೆ ಹೆಣೀತಿದ್ರೆ ಕೊನೇ ಎಳೆ ಬಿಡಬೇಕು, ಹಗ್ಗ ಕಟ್ಟಿದ್ರೆ ಕೊನೇ ಗಂಟು ಬಿಡಬೇಕು, ಗಡಿಗೇಲಿ ಕೊನೇ ತುತ್ತು ಬಿಡಬೇಕು. ಮುಗಿಸಿಬಿಟ್ರೆ ನೀರಿನ ಮೇಲಿರೋರ ದಾರೀನೂ ಅಲ್ಲಿಗೇ ಮುಗಿದುಹೋಗತ್ತೆ ಅಂತ ಅವರ ನಂಬಿಕೆ. ಮಾದಯ್ಯ ದಿನಾ ಮನೆಗೆ ಬಂದ ತಕ್ಷಣ, ನಿಮ್ಮವ್ವ ಗಡಿಗೇಲಿ ಏನಿಟ್ಟಿದಾಳೆ ಅಂತ ಕೇಳೋನಂತೆ, ಗಂಗವ್ವ ಆ ಕೊನೇ ತುತ್ತು ಅವನ ಕೈಗಿಟ್ಟು ಗಡಿಗೆ ತೊಳೆದು ಬೋರಲು ಹಾಕೋಳಂತೆ. ಅಲ್ಲಿಗೆ ಅವರ ಮನೇಲಿ ಆ ದಿನ ಮುಗೀತು ಅಂತ ಲೆಕ್ಕ.

ಹೀಗಿರೋವಾಗ ಒಂದು ದಿನ ಬೆಳಿಗ್ಗೆ ಕಾವಳ ಕವಿದಿತ್ತಂತೆ, ಎದುರಿಗಿದ್ದೋರ ಮುಖ ಕಾಣದಷ್ಟು ಮಂಜು. ಯಾರೋ ಒಬ್ಬ ಕಂಬಳಿ ಹೊದ್ಕೊಂಡು ಬಂದು ದಾಟಿಸಪ್ಪಾ ಅಂದ, ಮಾದಯ್ಯ ದಾಟಿಸಿದ. ಅಂಬಿಗರು ದೋಣಿ ಹತ್ತಿದೋರ ಹೆಸರು ಕೇಳಲ್ಲ, ಕೇಳೋದು ಅವರಲ್ಲಿ ಮರ್ಯಾದೆ ಅಲ್ಲ. ಆಮೇಲೆ ನೋಡಿದ್ರೆ ಆ ಮನುಷ್ಯ ದೊರೆಯ ದಂಡಿನಿಂದ ತಪ್ಪಿಸ್ಕೊಂಡು ಓಡಿಬಂದ ಸಿಪಾಯಿಯಂತೆ. ಅವನು ಸಿಕ್ಕಲಿಲ್ಲ, ದಾಟಿಸಿದ ಮಾದಯ್ಯ ಸಿಕ್ಕಿದ. ಊಟಕ್ಕೆ ಕೂತಿದ್ದೋನನ್ನ ಎಬ್ಬಿಸಿ ಕೈಗೆ ಹಗ್ಗ ಹಾಕಿ ಅವನದೇ ದೋಣೀಲಿ ಅವನನ್ನ ನಡುಗಡ್ಡೆಗೆ ಕರ್ಕೊಂಡು ಹೋದ್ರಂತೆ. ಗಂಗವ್ವ ಎಂಜಲು ಕೈಯಲ್ಲೇ ಹೊಳೆ ಮೆಟ್ಟಿಲಿನವರೆಗೂ ಓಡಿದಳು, ದೋಣಿ ಮರೆಯಾಗೋವರೆಗೂ ನಿಂತಳು, ಆಮೇಲೆ ಮನೆಗೆ ಬಂದು ಗಡಿಗೆ ಮುಚ್ಚಿಟ್ಟು ಹೆಣೀತಿದ್ದ ಚಾಪೆ ಮುಂದೆ ಕೂತ್ಕೊಂಡಳಂತೆ. ಅಳಲಿಲ್ಲವಂತೆ.

ಮೊದಲನೇ ಅರ್ಜಿ ಕೆಂಚಮ್ಮ ಬರೆದಳು. ಅವಳು ಸ್ವಭಾವದಲ್ಲೇ ಅವಸರದೋಳು, ಮಾತಾಡಿದ್ರೆ ಮಧ್ಯದಲ್ಲಿ ಉಸಿರೂ ತಗೋತಿರ್ಲಿಲ್ಲ. ಬರೆದಿದ್ದೂ ಹಾಗೇ, ನಿನ್ನ ಹಾಗೇ ಅಂತ ಬೇಕಾದ್ರೆ ಅಂದ್ಕೋ, ಮೊದಲಿಂದ ಕೊನೆವರೆಗೂ ಒಂದು ಚುಕ್ಕಿ ಇಲ್ಲ, ಒಂದು ಗೆರೆ ಇಲ್ಲ, ಒಂದು ದೊಡ್ಡ ಅಕ್ಷರ ಇಲ್ಲ. ದೊರೆ ಮೂರು ಸಲ ಓದಿದನಂತೆ, ಯಾರು ಯಾರನ್ನ ದಾಟಿಸಿದ್ರು, ಓಡಿಹೋದೋನು ಸಿಪಾಯಿನೋ ಅಂಬಿಗನೋ ಒಂದೂ ತಿಳೀಲಿಲ್ಲವಂತೆ, ಇದನ್ನ ಓದೋಷ್ಟರಲ್ಲಿ ನನ್ನ ಉಸಿರು ಕಟ್ಟಿಹೋಯ್ತು ಅಂತ ಹೇಳಿ ಮೂರನೇ ದಿನ ಹಿಂದಕ್ಕೆ ಕಳಿಸಿದನಂತೆ.

ಎರಡನೇ ಅರ್ಜಿ ಪುಟ್ಟವ್ವ ಬರೆದಳು. ಅವಳು ಅಲಂಕಾರದೋಳು, ಹೊಸ್ತಿಲಿಗೆ ರಂಗೋಲಿ ಹಾಕಿದ್ರೆ ಬೀದಿವರೆಗೂ ಹಾಕೋಳು. ದೊರೆಗೆ ಬರೆಯೋ ಕಾಗದ, ಮರ್ಯಾದೆ ಕಮ್ಮಿ ಆಗಬಾರದು ಅಂತ ಎಲ್ಲಾ ಅಕ್ಷರಾನೂ ದೊಡ್ಡದೇ ಬರೆದಳಂತೆ. ಅಕ್ಕ ಗುರುತು ಹಾಕದೆ ಕೆಟ್ಟಳು ಅಂತ ಇವಳು ಸಾಲಿಗೆ ಹತ್ತು ಚುಕ್ಕಿ, ಹತ್ತು ಕೊಕ್ಕೆ ಹಾಕಿದಳಂತೆ, ಮಾತಿನ ನಡುವೆ, ಹೆಸರಿನ ನಡುವೆ, ಕೈ ಬಂದ ಕಡೆ. ದೊರೆ ಬಿಡಿಸಿ ನೋಡಿದ, ಮುಖ ಕೆಂಪಗಾಯ್ತು, ಯಾವಳೋ ಇವಳು, ನನ್ನ ಮೇಲೆ ಕೂಗಾಡ್ತಾಳೆ, ಕೂಗಾಡ್ತಾ ಬಿಕ್ಕಳಿಸ್ತಾಳೆ, ಏನು ಬೇಕು ಅಂತ ಮಾತ್ರ ಹೇಳಲ್ಲ ಅಂದನಂತೆ. ಅದೂ ಹಿಂದಕ್ಕೆ ಬಂತು. ಪಾಪ, ಅವಳು ಅದನ್ನ ಎರಡು ರಾತ್ರಿ ಎರಡು ಹಗಲು ಕೂತು ಬರೆದಿದ್ದಳು.

ಇನ್ನು ಉಳಿದಿದ್ದು ಒಂದೇ ಅರ್ಜಿ. ಅಕ್ಕಂದಿರು ಸಾಕಮ್ಮನ ಮುಖ ನೋಡಿದ್ರು. ಸಾಕಮ್ಮ ಯೋಚನೆ ಮಾಡಿದಳಂತೆ, ನಾನು ತಪ್ಪಿದ್ರೆ ಅಪ್ಪ ಬರಲ್ಲ, ಅದಾದ್ಮೇಲೆ ಯಾರು ಬರೆದ್ರೂ ಬರಲ್ಲ. ಅವಳು ತಕ್ಷಣ ಬರೀಲಿಲ್ಲ. ಕಲಿತೇ ಬರೀತೀನಿ ಅಂದಳು.

ಊರಾಚೆ ಸುಣ್ಣದ ಗೂಡಿನ ಹಿಂದೆ ರಾಹೇಲಮ್ಮ ಅಂತ ಒಬ್ಬ ಮುದುಕಿ ಇದ್ದಳಂತೆ. ನಲವತ್ತು ವರ್ಷ ದೊರೆಗಳ ಮನೇಲಿ ಮಕ್ಕಳನ್ನ ಎತ್ತಿ ಆಡಿಸಿದೋಳು, ದೊರೆಸಾನಿ ಹತ್ರಾನೇ ಇಂಗ್ಲೀಷು ಬರೆಯೋದು ಕಲಿತೋಳು, ಈಗ ಎರಡು ಕಣ್ಣೂ ಹೋಗಿ ಒಂದು ಕೋಣೇಲಿ ಕೂತಿದ್ದಳು. ಸಿಡುಕಿ. ಸಾಕಮ್ಮ ಹೋಗಿ ಕಾಲಿಗೆ ಬಿದ್ದು, ಅಜ್ಜಿ ನಮ್ಮಪ್ಪನ್ನ ಬಿಡಿಸಬೇಕು, ಗುರುತು ಕಲಿಸಿಕೊಡಿ ಅಂದಳಂತೆ. ಕಾಲು ಬಿಡು, ಕಾಲಿಗೆ ಬಿದ್ರೆ ಅಕ್ಷರ ಬರತ್ತಾ, ಹೋಗಿ ಹೊಳೆಯಿಂದ ಒಂದು ಮೊರ ಮರಳು ತಗೊಂಡು ಬಾ ಅಂದಳಂತೆ ರಾಹೇಲಮ್ಮ. ಸಾಕಮ್ಮ ಮರಳಿನ ಮೇಲೆ ಬರೆಯೋದು, ಮುದುಕಿ ಬೆರಳಾಡಿಸಿ ತಪ್ಪು ಹುಡುಕೋದು, ಹಾಗೆ ಪಾಠ.

ಮೊದಲನೇ ತಿಂಗಳು ದೊಡ್ಡ ಅಕ್ಷರ. ನಮ್ಮ ಕನ್ನಡದಲ್ಲಿ ಎಲ್ಲಾ ಅಕ್ಷರಾನೂ ಒಂದೇ ಥರ, ದೊಡ್ಡದು ಚಿಕ್ಕದು ಅಂತ ಇಲ್ಲ, ಅದಕ್ಕೇ ನಮಗೆ ಅದು ಕಷ್ಟ. ಹೊಸ ಮಾತು ಶುರುವಾದಾಗ ಮೊದಲನೇ ಅಕ್ಷರ ದೊಡ್ಡದು ಅಂದಳಂತೆ ಮುದುಕಿ. ಮನುಷ್ಯರ ಹೆಸರಿಗೆ ದೊಡ್ಡದು, ಊರಿನ ಹೆಸರಿಗೆ, ಹೊಳೆ ಹೆಸರಿಗೆ, ವಾರಕ್ಕೆ, ತಿಂಗಳಿಗೆ. ಉಳಿದಿದ್ದೆಲ್ಲ ಚಿಕ್ಕದು, ಪುಟ್ಟವ್ವನ ಹಾಗೆ ಎಲ್ಲಾನೂ ದೊಡ್ಡದು ಮಾಡಿದ್ರೆ ಯಾವುದೂ ದೊಡ್ಡದಾಗಿ ಕಾಣಲ್ಲ. ಇನ್ನೊಂದು, ನಾನು ಅಂತ ಇಂಗ್ಲೀಷಲ್ಲಿ ಬರೆಯೋವಾಗ ಅದು ಒಂದೇ ಅಕ್ಷರ, ಅದು ಎಲ್ಲಿ ಬಂದ್ರೂ ದೊಡ್ಡದೇ. ಸಾಕಮ್ಮನ ಕೈ ಅಲ್ಲಿ ನಿಂತುಹೋಯ್ತಂತೆ. ಅಜ್ಜಿ, ದೊರೆ ಮುಂದೆ ನಿಂತ್ಕೊಂಡು ನಾನು ಅನ್ನೋದನ್ನ ದೊಡ್ಡದಾಗಿ ಬರೆಯೋದಾ, ಅಹಂಕಾರ ಅಂದ್ಕೊಳಲ್ವಾ ಅಂದಳು. ಬರಿ, ಅದು ಅವರ ಪದ್ಧತಿ, ನೀನು ತಲೆ ತಗ್ಗಿಸಿ ಬರೆದ್ರೆ ಅವರ ಕಣ್ಣಿಗೆ ನೀನು ಅಲ್ಲಿ ಇಲ್ಲವೇ ಇಲ್ಲ ಅಂದಳು ಮುದುಕಿ. ಆಮೇಲೆ ಸಾಕಮ್ಮ ಮೆಲ್ಲಗೆ ಕೇಳಿದಳಂತೆ, ನಮ್ಮಪ್ಪ ಖೈದಿ ಅಲ್ವಾ ಅಜ್ಜಿ, ಖೈದಿ ಹೆಸರಿಗೂ ದೊಡ್ಡ ಅಕ್ಷರ ಇರತ್ತಾ. ದೊರೆ ಹೆಸರಿಗೆ ಎಷ್ಟು ದೊಡ್ಡದೋ ಖೈದಿ ಹೆಸರಿಗೂ ಅಷ್ಟೇ ದೊಡ್ಡದು ಅಂದಳಂತೆ ರಾಹೇಲಮ್ಮ. ಅಪ್ಪನ್ನ ಕರ್ಕೊಂಡು ಹೋದ ಮೇಲೆ ಸಾಕಮ್ಮ ಅವತ್ತೇ ಮೊದಲನೇ ಸಲ ಜೋರಾಗಿ ಅತ್ತಿದ್ದು. ಮುದುಕಿ ಮರಳು ಸಮ ಮಾಡ್ತಾ ಕೂತಿದ್ದಳಂತೆ.

ಎರಡನೇ ತಿಂಗಳು ಚಿಕ್ಕ ಕೊಕ್ಕೆ, ನಿಮ್ಮ ಟೀಚರ್ ಕಾಮಾ ಅಂತಾರಲ್ಲ, ಅದು. ನಿಮ್ಮಪ್ಪನ ದೋಣೀಲಿ ಏನೇನು ಹೋಗ್ತಿತ್ತು ಬರಿ ಅಂದಳಂತೆ. ಮೂಟೆ ಕುರಿ ಬಾಣಂತಿ ಮದುವೆ ದಿಬ್ಬಣ ಅಂತ ಸಾಕಮ್ಮ ಒಂದೇ ಸಮ ಬರೆದಳು. ಎಲ್ಲಾರನ್ನೂ ಒಬ್ಬರ ಮೇಲೆ ಒಬ್ಬರನ್ನ ಹೇರಿಬಿಟ್ಯಲ್ಲೇ, ಬಾಣಂತಿ ಮೇಲೆ ಕುರಿ ಹತ್ತಿದೆ, ಒಬ್ಬೊಬ್ಬರಿಗೂ ಮಧ್ಯೆ ಸ್ವಲ್ಪ ಜಾಗ ಬಿಡು, ಅದೇ ಕೊಕ್ಕೆ ಅಂತ ಗದರಿಸಿದಳಂತೆ. ಕೊಕ್ಕೆ ಹಾಕಿದ ಕಡೆ ಸ್ವಲ್ಪ ತಡೀಬೇಕು, ಕೂತ್ಕೋಬಾರದು. ಅದೇ ಕೊಕ್ಕೇನ ಮೇಲಕ್ಕೆ ನೇತುಹಾಕಿದ್ರೆ ಅದು ಯಾರದು ಅಂತ ಹೇಳೋ ಗುರುತು, ಅಪ್ಪನ ದೋಣಿ, ಅವ್ವನ ಚಾಪೆ ಅಂತೀವಲ್ಲ, ಅದಕ್ಕೆ. ಸಾಕಮ್ಮ ದಿನಾ ಅಪ್ಪನ ದೋಣಿ, ಅಪ್ಪನ ಹುಟ್ಟು, ಅಪ್ಪನ ಕಂಬಳಿ ಅಂತ ಮರಳು ತುಂಬ ಬರೀತಿದ್ದಳಂತೆ.

ಮೂರನೇ ತಿಂಗಳು ಕೊನೆಗೆ ಬರೋ ಗುರುತುಗಳು. ಕೇಳೋ ಮಾತಿಗೆ ಬಾಗಿದ ಗುರುತು. ನೆಟ್ಟಗೆ ಕಡ್ಡಿ ಇಟ್ಟು ಕೆಳಗೆ ಚುಕ್ಕಿ ಇಡೋದು ಇದೆಯಲ್ಲ, ಅಳು ಬಂದಾಗಲೆಲ್ಲ ಅದನ್ನ ಹಾಕೋಣ ಅನ್ನಿಸತ್ತೆ, ಅರ್ಜೀಲಿ ಒಂದೂ ಹಾಕಬೇಡ, ಅಳೋರನ್ನ ಅವರು ದಿನಾ ನೋಡ್ತಾರೆ ಅಂದಳಂತೆ ರಾಹೇಲಮ್ಮ. ಕೊನೇದು ಬರೀ ಚುಕ್ಕಿ. ಹೇಳೋದು ಹೇಳಿ ಆದ್ಮೇಲೆ ಚುಕ್ಕಿ ಇಡು, ಹೇಳಕ್ಕೆ ಇನ್ನೂ ಇದ್ರೆ ಇನ್ನೊಂದು ಮಾತು ಶುರು ಮಾಡು, ಅದರ ಕೊನೇಲೂ ಚುಕ್ಕಿ ಇಡು. ಸಾಕಮ್ಮ ನಡುವೆ ಬರೋ ಚುಕ್ಕಿಗಳನ್ನೆಲ್ಲ ಸರಿಯಾಗಿ ಇಡ್ತಿದ್ದಳು. ದಿನದ ಕೊನೇ ಸಾಲಿಗೆ ಬಂದಾಗ ಮಾತ್ರ ಅವಳ ಬೆರಳು ಏಳ್ತಿರ್ಲಿಲ್ಲ. ಅಪ್ಪ ನೀರಾಚೆ ಇದ್ದಾನೆ, ಕೊನೇದು ಹೇಗೆ ಮುಗಿಸೋದು. ಮುದುಕಿ ಬೆರಳು ಹುಡುಕ್ತಾ ಬರೋದು, ಎಲ್ಲೇ ಚುಕ್ಕಿ ಅನ್ನೋಳು, ಆಗ ಸಾಕಮ್ಮ ಗಬಕ್ಕನೆ ಒಂದು ಚುಕ್ಕಿ ಚುಚ್ಚಿ, ಮುದುಕಿ ಮುಟ್ಟಿ ಆದ ತಕ್ಷಣ ಅಳಿಸಿಬಿಡ್ತಿದ್ದಳಂತೆ.

ಆಮೇಲೆ ಕಾಗದದ ಮೇಲೆ ಬರೆಯೋ ದಿನ ಬಂತು. ಮನೇಲಿ ಕೂತು ಬರೆದಳು, ಅಕ್ಕಂದಿರು ಶಾಯಿ ಬಟ್ಟಲು ಹಿಡ್ಕೊಂಡಿದ್ರು, ಗಂಗವ್ವ ಪಕ್ಕದಲ್ಲಿ ಚಾಪೆ ಹೆಣೀತಾ ಕೂತಿದ್ದಳು. ಒಂಬತ್ತೇ ಮಾತು. ನಮ್ಮಪ್ಪ ಮಾದಯ್ಯ ಅಂಬಿಗ. ಅಂಬಿಗರು ಹೆಸರು ಕೇಳಲ್ಲ. ಅವತ್ತು ಕಾವಳ ಇತ್ತು. ಹೀಗೆ, ಒಂದೊಂದಕ್ಕೂ ತಲೇಲಿ ದೊಡ್ಡ ಅಕ್ಷರ, ಕೊನೇಲಿ ಚುಕ್ಕಿ, ಅಪ್ಪನ ಹೆಸರು ದೊರೆ ಹೆಸರಿನಷ್ಟೇ ಎತ್ತರ. ಒಂಬತ್ತನೇದು, ಅವರನ್ನ ಮನೆಗೆ ಕಳಿಸಿಕೊಡಿ ಅಂತ. ಅದನ್ನ ಬರೆದು ಕಡ್ಡಿ ಶಾಯಿಗೆ ಅದ್ದಿದಳು ನೋಡು, ಗಂಗವ್ವ ಕೈ ಚಾಚಿ ಅವಳ ಮಣಿಕಟ್ಟು ಹಿಡ್ಕೊಂಡಳಂತೆ. ಬೇಡ ಮಗಾ, ನಿಮ್ಮಪ್ಪ ಇನ್ನೂ ನೀರಾಚೆ ಇದಾರೆ, ಕೊನೇದು ಹಾಕಬೇಡ ಅಂದಳು. ಅವ್ವ, ಇದು ಅವರ ಪದ್ಧತಿ, ಹಾಕಲೇಬೇಕು ಅಂದಳು ಸಾಕಮ್ಮ. ಬೇರೆಲ್ಲ ಅವರ ಪದ್ಧತಿ ಥರಾನೇ ಬರೆದಿದೀಯಲ್ಲ, ಇದೊಂದು ನಮ್ಮದಿರ್ಲಿ, ಎಳ್ಳಷ್ಟು ಚುಕ್ಕಿ ತಾನೆ ಅಂದಳು ಗಂಗವ್ವ. ಹಿಡಿದ ಮಣಿಕಟ್ಟು ಬಿಡ್ಲಿಲ್ಲವಂತೆ. ನಿಜ ಹೇಳ್ಬೇಕು ಅಂದ್ರೆ ಸಾಕಮ್ಮನಿಗೂ ಹಾಕೋ ಧೈರ್ಯ ಇರ್ಲಿಲ್ಲ. ಅವಳು ಕಡ್ಡಿ ಕೆಳಗಿಟ್ಟು ಮರಳು ಉದುರಿಸಿದಳು.

ಆಮೇಲೆ ರಾಹೇಲಮ್ಮನ ಹತ್ರ ತಗೊಂಡು ಹೋದಳು. ಕಾಗದದ ಮೇಲೆ ಬೆರಳಾಡಿಸಿದ್ರೆ ಏನೂ ತಿಳಿಯಲ್ಲ, ಅದಕ್ಕೇ ಓದು ಅಂದಳಂತೆ ಮುದುಕಿ. ಸಾಕಮ್ಮ ಓದಿದಳು, ಕೊಕ್ಕೆ ಇದ್ದ ಕಡೆ ತಡೆದು, ಚುಕ್ಕಿ ಇದ್ದ ಕಡೆ ನಿಂತು, ಕೊನೇಲಿ ದನಿ ಇಳಿಸಿ ನಿಲ್ಲಿಸಿದಳು. ಕೇಳಿದ್ರೆ ಎಲ್ಲಾ ಸರಿಯಾಗಿತ್ತು. ಎಲ್ಲಾ ಗುರುತೂ ಇಟ್ಯಾ ಅಂತ ಕೇಳಿದಳು ರಾಹೇಲಮ್ಮ. ಇಟ್ಟೆ ಅಜ್ಜಿ ಅಂದಳು ಸಾಕಮ್ಮ. ಜೀವಮಾನದಲ್ಲಿ ಅವಳು ಹೇಳಿದ್ದು ಅದೊಂದೇ ಸುಳ್ಳಂತೆ. ಮುದುಕಿಗೆ ಎಷ್ಟು ಖುಷಿ ಆಯ್ತು ಅಂದ್ರೆ, ಮೂರು ತಿಂಗಳಲ್ಲಿ ಮೊದಲನೇ ಸಲ ಅವಳ ತಲೆ ಸವರಿ ಹೋಗಿ ಬಾ ಅಂದಳಂತೆ.

ಅರ್ಜಿ ಕಚೇರಿಗೆ ಹೋಯ್ತು. ಮೂರು ದಿನ ಆಯ್ತು, ಹಿಂದಕ್ಕೆ ಬರ್ಲಿಲ್ಲ. ಮೂರು ವಾರ ಆಯ್ತು, ಬರ್ಲಿಲ್ಲ. ಹಿಂದಕ್ಕೆ ಬಂದಿಲ್ಲ ಅಂದ್ರೆ ಒಳ್ಳೇದೇ ಅಂತ ಅಂದ್ಕೊಂಡ್ರು. ಸಾಕಮ್ಮ ಪ್ರತಿ ಸೋಮವಾರ ಹೊಳೆ ದಾಟಿ ಹೋಗಿ ಕಚೇರಿ ಬಾಗಿಲಲ್ಲಿ ಜವಾನನ್ನ ಕೇಳೋಳು, ಇನ್ನೂ ದೊರೆ ಮುಂದೆ ಹೋಗಿಲ್ಲಮ್ಮ ಅನ್ನೋನು ಅವನು, ಇವಳು ವಾಪಸ್ಸು ಬರೋಳು. ಯಾಕೆ ಹೋಗಿಲ್ಲ ಅಂತ ಅವಳು ಕೇಳ್ಲಿಲ್ಲ, ಕೇಳಿದ್ರೆ ಸಿಟ್ಟಾಗಿ ಹಿಂದಕ್ಕೆ ಕೊಟ್ಟುಬಿಟ್ರೆ ಅಂತ ಹೆದರಿಕೆ. ಹೀಗೆ ಒಂದು ವರ್ಷ ಆಯ್ತಂತೆ. ಕೆಂಚಮ್ಮ ಊರೋರ ಹಳೇ ದೋಣಿ ಇಟ್ಕೊಂಡು ಹುಟ್ಟು ಹಾಕ್ತಾ ಮನೆ ನಡೆಸಿದಳು, ಪುಟ್ಟವ್ವ ಬಲೆ ಹೆಣೆದಳು. ಎರಡನೇ ವರ್ಷ ಗಂಗವ್ವನಿಗೆ ಕೆಮ್ಮು ಹಿಡೀತು. ಆದ್ರೂ ದಿನಾ ಗಡಿಗೇಲಿ ಕೊನೇ ತುತ್ತು ಎತ್ತಿಡೋಳು, ಬೆಳಿಗ್ಗೆ ಎದ್ದು ಅದನ್ನ ಹೊಳೆ ಮೀನಿಗೆ ಹಾಕೋಳು. ಮೂರನೇ ವರ್ಷ ಅವಳಿಗೆ ಏಳಕ್ಕೇ ಆಗ್ಲಿಲ್ಲ, ಮಲಗಿದ್ದಲ್ಲಿಂದಲೇ ಸೋಮವಾರ ಬಂದ್ರೆ, ಬಂತಾ ಮಗಾ ಅನ್ನೋಳು, ಸಾಕಮ್ಮ ಇಲ್ಲ ಅವ್ವ ಅನ್ನೋಳು. ಅವ್ವನ ಪಕ್ಕದಲ್ಲಿ ಆ ಚಾಪೆ, ಕೊನೇ ಎಳೆ ಹಾಗೇ ಬಿಟ್ಟಿದ್ದು.

ಒಂದು ಸೋಮವಾರ ಸಾಕಮ್ಮ ವಾಪಸ್ಸು ಬಂದಾಗ ಅವ್ವ ಕೇಳ್ಲಿಲ್ಲ. ಅದೇ ಚಾಪೆ ಮೇಲೆ ಅವಳನ್ನ ಮಲಗಿಸಿ ಎತ್ಕೊಂಡು ಹೋದ್ರಂತೆ, ಆ ಎಳೆ ಒಂದು ಕಡೆಯಿಂದ ನೇತಾಡ್ತಾ ಹೋಯ್ತಂತೆ.

ಬಾ, ಹತ್ರ ಬಾ. ಹೊದ್ಕೋ. ಹೇಳಿದ್ನಲ್ಲ, ನಗು ಕಮ್ಮಿ ಅಂತ.

ಹನ್ನೊಂದನೇ ದಿನದ ಕಾರ್ಯ ಮುಗಿಸಿ ಸಾಕಮ್ಮ ಅವತ್ತೇ ಹೊಳೆ ದಾಟಿ ಕಚೇರಿಗೆ ಹೋದಳಂತೆ. ಈ ಸಲ ಜವಾನನ್ನ ಕೇಳ್ಲಿಲ್ಲ, ಅವನನ್ನ ಪಕ್ಕಕ್ಕೆ ಸರಿಸಿ ಒಳಗೇ ನುಗ್ಗಿದಳು. ಇನ್ನು ಯಾರಿಗೆ ಹೆದರಬೇಕು. ಒಳಗೆ ಕಾಗದ ಜೋಡಿಸೋ ಕೋಣೇಲಿ ಒಬ್ಬ ವಯಸ್ಸಾದ ಗುಮಾಸ್ತ ಕೂತಿದ್ದ, ಬಡಕಲು ಮನುಷ್ಯ, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ. ಅಂಬಿಗರ ಮಾದಯ್ಯನ ಅರ್ಜಿ ಎಲ್ಲಿ ಅಂದಳು ಸಾಕಮ್ಮ. ಅವನು ತಲೆ ಎತ್ತಿ ನೋಡಿ, ಅಂತೂ ಬಂದ್ಯಾ ತಾಯಿ, ಉಳಿದ ಹಾಳೆ ತಂದ್ಯಾ ಅಂತ ಕೇಳಿದನಂತೆ.

ಯಾವ ಹಾಳೆ ಅಂದಳು ಸಾಕಮ್ಮ. ಅವನು ಎದ್ದು ಬೀರುವಿನ ಮೇಲಿನ ಅರೆಯಿಂದ ಆ ಕಾಗದ ತೆಗೆದ, ಧೂಳು ಕೂರದ ಹಾಗೆ ಬಟ್ಟೇಲಿ ಸುತ್ತಿಟ್ಟಿದ್ದ. ನೋಡಮ್ಮ, ಇಲ್ಲಿಗೆ ಅರ್ಜಿ ಬರೆಯೋರು ಒಂದೊಂದೇ ಹಾಳೆ ತಂದುಕೊಡ್ತಾರೆ, ಚುಕ್ಕಿನೇ ಗೊತ್ತಿಲ್ಲದೋರದ್ದು ಹಾಗೇ ಒಳಗೆ ಹೋಗತ್ತೆ, ಎಲ್ಲಾ ಕಡೆ ಇಟ್ಟು ಕೊನೇದೊಂದು ಮಾತ್ರ ಇಲ್ಲ ಅಂದ್ರೆ ಇನ್ನೂ ಹಾಳೆ ಬರೋದಿದೆ ಅಂತ ನಾವು ಈ ಅರೇಲಿ ಇಡ್ತೀವಿ, ಪೂರ್ತಿ ಆಗದೆ ದೊರೆ ಮುಂದೆ ಇಡೋ ಹಾಗಿಲ್ಲ, ಬೇರೆಯೋರ ಅರ್ಜಿಗೆ ನಾನು ಚುಕ್ಕಿ ಇಡೋ ಹಾಗೂ ಇಲ್ಲ ಅಂದನಂತೆ. ನಿನ್ನ ಅರ್ಜಿ ಎಷ್ಟು ಚೆನ್ನಾಗಿತ್ತು ಅಂದ್ರೆ ನಾನೇ ಎಷ್ಟೋ ಸಲ ಬಿಚ್ಚಿ ಓದಿದೀನಿ, ಈ ಹುಡುಗಿ ಮುಂದೆ ಇನ್ನೂ ಏನೋ ಹೇಳೋದಿದೆ ಅಂತ ಮೂರು ವರ್ಷದಿಂದ ಕಾಯ್ತಿದೀನಿ ಅಂದನಂತೆ. ಅವಳು ಪ್ರತಿ ಸೋಮವಾರ ಬಾಗಿಲಿಗೆ ಬರ್ತಿದ್ದಿದ್ದನ್ನ ಜವಾನ ಅವನಿಗೆ ಹೇಳೇ ಇರ್ಲಿಲ್ಲ. ಪಾಪ, ಅವನ ಮೇಲೆ ಸಿಟ್ಟು ಮಾಡ್ಕೊಳೋಕೂ ಆಗ್ಲಿಲ್ಲ ಸಾಕಮ್ಮನಿಗೆ.

ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಮೂರು ವರ್ಷ. ಅವ್ವ ಒಂದೊಂದು ಸೋಮವಾರ ಕೇಳಿದ್ದು ಕಿವೀಲಿ ಕೇಳಿಸ್ತಂತೆ. ಆಮೇಲೆ ಎದ್ದು, ಕಡ್ಡಿ ಕೊಡಿ ಅಂದಳು. ಕಡ್ಡಿ ಕೈಗೆ ಬಂತು, ಆದ್ರೂ ಕೈ ಮುಂದಕ್ಕೆ ಹೋಗಲ್ಲ. ಇಷ್ಟೆಲ್ಲ ಆದ ಮೇಲೂ ನೋಡು ಪುಟ್ಟಿ, ಅವಳಿಗೆ ಅದೇ ಹೆದರಿಕೆ, ಇದನ್ನ ಇಟ್ರೆ ಅಪ್ಪನ ದಾರಿ ಮುಗಿದುಹೋದ್ರೆ ಅಂತ. ಹುಟ್ಟಿದಾಗಿನಿಂದ ಕೇಳಿದ್ದು ಅಷ್ಟು ಸುಲಭಕ್ಕೆ ಬಿಟ್ಟುಹೋಗಲ್ಲ. ಆಗ ಅವಳಿಗೆ ಅವ್ವನ ಚಾಪೆಯ ಎಳೆ ನೆನಪಾಯ್ತಂತೆ. ಅದನ್ನ ಮುಗಿಸದೆ ಬಿಟ್ಟಿದ್ದಕ್ಕೆ ಯಾರು ಉಳಿದ್ರು, ಯಾರು ಬಂದ್ರು. ಅವಳು ಕಣ್ಣು ಮುಚ್ಚಲಿಲ್ಲ, ಸರಿಯಾಗಿ ನೋಡ್ಕೊಂಡು, ಒಂಬತ್ತನೇ ಮಾತಿನ ಕೊನೇಲಿ ಚುಕ್ಕಿ ಇಟ್ಟಳು. ಗುಮಾಸ್ತ ಮರಳು ಉದುರಿಸಿ, ಅದು ಒಣಗೋಕೂ ಕಾಯದೆ ಕೈಯಲ್ಲಿ ಗಾಳಿ ಹಾಕ್ತಾ ದೊರೆ ಕೋಣೆಗೆ ಓಡಿದನಂತೆ.

ದೊರೆ ಒಂದೇ ಸಲ ಓದಿದ. ಯಾರು ಏನು ಮಾಡಿದ್ರು, ಯಾಕೆ ಮಾಡಿದ್ರು, ಈಗ ಏನು ಆಗಬೇಕು, ಎಲ್ಲಾ ಒಂಬತ್ತು ಮಾತಲ್ಲಿ ಇತ್ತು. ಊಟಕ್ಕೆ ಏಳೋಕ್ಕೆ ಮುಂಚೆ ರುಜು ಹಾಕಿ ಕೊಟ್ಟನಂತೆ.

ಮಾರನೇ ದಿನ ಬೆಳಿಗ್ಗೆ ಮೂರೂ ಜನ ಅಕ್ಕತಂಗೀರು ದೋಣಿ ತಗೊಂಡು ನಡುಗಡ್ಡೆಗೆ ಹೋದ್ರು. ಜೈಲಿನ ಬಾಗಿಲು ತೆರೀತು, ಮಾದಯ್ಯ ಈಚೆಗೆ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತಂತೆ, ಕಲ್ಲು ಒಡೆದೂ ಒಡೆದೂ ಬೆರಳು ಮಡಚ್ತಿರ್ಲಿಲ್ಲವಂತೆ. ಮಕ್ಕಳನ್ನ ಒಬ್ಬೊಬ್ಬರನ್ನೇ ನೋಡಿದ, ದೋಣಿ ಹತ್ತಿ ಕೂತ, ನೀರಿಗೆ ಕೈ ಅದ್ದಿ ಮುಖಕ್ಕೆ ಹಚ್ಕೊಂಡ, ಆಮೇಲೆ ಮುಖದ ತುಂಬ ನಗು ತಂದ್ಕೊಂಡು, ನಿಮ್ಮವ್ವ ಗಡಿಗೇಲಿ ಏನಿಟ್ಟಿದಾಳೆ ಅಂತ ಕೇಳಿದನಂತೆ.

ಕೆಂಚಮ್ಮ ಹುಟ್ಟು ಬಿಟ್ಟು ಮುಖ ತಿರುಗಿಸಿದಳು. ಪುಟ್ಟವ್ವ ಸೆರಗು ಬಾಯಿಗೆ ತುರುಕ್ಕೊಂಡಳು. ಸಾಕಮ್ಮನೇ ಹೇಳಬೇಕಾಯ್ತು. ಅವ್ವ ಹೋದ್ಲು ಅಪ್ಪ ಅಂದಳು. ಇವತ್ತಿಗೆ ಹನ್ನೆರಡು ದಿನ ಅಂದಳು. ಆಮೇಲೆ ಚುಕ್ಕಿ ವಿಷಯ ಎಲ್ಲಾ ಹೇಳಿದಳು, ಅವ್ವ ಬೇಡ ಅಂದಿದ್ದು ಮಾತ್ರ ಹೇಳ್ಲಿಲ್ಲ, ನಾನೇ ಇಡ್ಲಿಲ್ಲ ಅಂದಳು. ಅಂಬಿಗರ ಮನೇಲಿ ಅರವತ್ತು ವರ್ಷ ಬಾಳಿದೋನು ಮಾದಯ್ಯ, ಯಾಕೆ ಇಡ್ಲಿಲ್ಲ ಅಂತ ಅವನು ಕೇಳ್ಲಿಲ್ಲ. ಯಾರ ಕೈ ಅಡ್ಡ ಬಂದಿರತ್ತೆ ಅಂತಾನೂ ಅವನಿಗೆ ಗೊತ್ತಾಗಿರಬೇಕು. ದಡ ಬರೋವರೆಗೂ ಅವನು ನೀರು ನೋಡ್ತಾ ಕೂತಿದ್ದನಂತೆ.

ದಡಕ್ಕೆ ಬಂದ ಮೇಲೆ ಸಾಕಮ್ಮ ದೋಣಿ ಹಗ್ಗ ಗೂಟಕ್ಕೆ ಸುತ್ತಿ, ಎಂದಿನ ಹಾಗೆ ಕೊನೇ ಗಂಟು ಬಿಟ್ಟು ಎದ್ದಳು. ಮೂರು ವರ್ಷದ ಅಭ್ಯಾಸ. ಮಾದಯ್ಯ ಅದನ್ನ ನೋಡಿ, ಎಲ್ಲಾರೂ ದಡಕ್ಕೆ ಬಂದ್ವಲ್ಲ ಮಗಾ, ಗಂಟು ಹಾಕು ಅಂದನಂತೆ. ಅವ್ವ ಬರ್ಲಿಲ್ಲ ಅಪ್ಪ ಅಂದಳು ಸಾಕಮ್ಮ. ಅವಳು ಬರಲ್ಲ, ಹಾಕು ಅಂದ. ಅವಳಿಗೆ ಕಣ್ಣೀರಲ್ಲಿ ಏನೂ ಕಾಣ್ತಿರ್ಲಿಲ್ಲ, ಹಗ್ಗ ಒದ್ದೆಯಾಗಿತ್ತು, ಅವನ ಬೆರಳು ಮಡಚಲ್ಲ, ಆದ್ರೂ ಅವಳ ಕೈ ಮೇಲೆ ತನ್ನ ಕೈ ಇಟ್ಟ, ಇಬ್ಬರೂ ಸೇರಿ ಆ ಗಂಟು ಎಳೆದ್ರಂತೆ. ಆಮೇಲೆ ಮನೆಗೆ ಹೋಗಿ ಮಾದಯ್ಯ ಗಡಿಗೆ ತಾನೇ ತೊಳೆದು ಬೋರಲು ಹಾಕಿದನಂತೆ.

ಆಮೇಲೆ ಕಾಲ ಸರೀತು. ಕೆಂಚಮ್ಮನ್ನೂ ಪುಟ್ಟವ್ವನ್ನೂ ಅದೇ ಹೊಳೆ ದಡದ ಒಳ್ಳೇ ಮನೆಗಳಿಗೆ ಕೊಟ್ರು, ಮಾದಯ್ಯ ಮೊಮ್ಮಕ್ಕಳನ್ನ ದೋಣಿ ಮೂತೀಲಿ ಕೂರಿಸ್ಕೊಂಡು ಎಂಟು ವರ್ಷ ಬಾಳಿದ. ಸಾಕಮ್ಮ ರಾಹೇಲಮ್ಮನ ಹತ್ರ ಹೋಗಿ ತನ್ನ ಸುಳ್ಳು ಒಪ್ಕೊಂಡಳಂತೆ, ಮುದುಕಿ ಒಂದು ಏಟು ಕೊಟ್ಟು, ಆಮೇಲೆ ಹತ್ರ ಎಳ್ಕೊಂಡು ಅತ್ತಳಂತೆ. ಮುದುಕಿ ಹೋದ ಮೇಲೆ ಆ ಮರಳಿನ ಮೊರ ಸಾಕಮ್ಮನ ಪಾಲಿಗೆ ಬಂತು. ಊರಿನ ಮಕ್ಕಳಿಗೆಲ್ಲ ಅವಳೇ ದೊಡ್ಡ ಅಕ್ಷರ, ಕೊಕ್ಕೆ, ಚುಕ್ಕಿ ಕಲಿಸಿದಳು, ಊರಿನ ಅರ್ಜಿ ಎಲ್ಲಾ ಅವಳೇ ಬರೆದಳು, ಒಂದೂ ಹಿಂದಕ್ಕೆ ಬರ್ಲಿಲ್ಲವಂತೆ. ಆದ್ರೆ ಅವಳದೊಂದು ಕ್ರಮ ಇತ್ತು. ಎಲ್ಲಾ ಬರೆದು ಮುಗಿಸಿ, ಕಾಗದ ತಿರುಗಿಸಿ, ಕಷ್ಟ ಹೇಳ್ಕೊಂಡು ಬಂದೋರ ಮುಂದೆ ಇಟ್ಟು, ಕಡ್ಡಿ ಅವರ ಕೈಗೆ ಕೊಟ್ಟು, ಇದೊಂದು ನೀವೇ ಇಡಿ ಅನ್ನೋಳಂತೆ. ಗಂಡ ಸಮುದ್ರಕ್ಕೆ ಹೋಗಿರೋ ಹೆಂಗಸರು, ಮಗ ದಂಡಿಗೆ ಹೋಗಿರೋ ತಾಯಂದಿರು, ಇಡಕ್ಕೆ ಆಗದೆ ಕೂತುಬಿಡೋರು. ಸಾಕಮ್ಮ ಅವಸರ ಮಾಡ್ತಿರ್ಲಿಲ್ಲ, ಪಕ್ಕದಲ್ಲಿ ಕೂತ್ಕೊಂಡು ಕಾಯೋಳು. ಇಟ್ಟ ಮೇಲೇ ಅವರನ್ನ ಎಬ್ಬಿಸ್ತಿದ್ದಿದ್ದು.

ಏನು? ಅವ್ವ ಇನ್ನು ಹನ್ನೆರಡು ದಿನ ಯಾಕೆ ಕಾಯ್ಲಿಲ್ಲ ಅಂತಾನಾ? ಕಾಯ್ದೇ ಇರೋಳು ಅಲ್ಲ ಕಣೇ ಅವಳು, ಪಾಪ, ಅವಳ ಕೈಲಿ ಇರ್ಲಿಲ್ಲ. ನಾನೂ ನಿನ್ನಷ್ಟಿದ್ದಾಗ ಇದನ್ನೇ ಕೇಳಿದ್ದೆ, ನಮ್ಮಜ್ಜಿ ಮುಸುಕು ಎಳ್ಕೊಂಡಳು. ಕೈ ಕೊಡು ಇಲ್ಲಿ, ಅಂಗೈ ಬಿಚ್ಚು. ನೋಡು, ನಡುವೆ ಬೆರಳಿಟ್ಟೆ, ಇಷ್ಟೇ ಚುಕ್ಕಿ, ಅಲ್ಲಿಗೆ ಸಾಕಮ್ಮನ ಕತೆ ಮುಗೀತು. ಅಂಗೈ ಮುಚ್ಕೊಂಡು ಮಲಗು.